ಹದಿನೇಳನೇ ಮಳಿಗೆಯ ಫೋಟೋಗಳು

ಫೋನ್ ತುಂಬಿತೆಂದರೆ ಎಲ್ಲರದೂ ಒಂದೇ ಮಾತು, "ಕ್ಲೌಡಿಗೆ ಹಾಕು." ಹದಿನೇಳನೇ ಮಳಿಗೆಯ ದರ್ಜಿ ಅಕ್ಕನೂ ಗಿರಾಕಿಗಳ ಫೋಟೋಗಳನ್ನು ಹಾಗೇ ಹಾಕಿದ್ದಳು. ಕ್ಯಾನ್ಸರಿಗೆ ಸ್ತನ ಕಳೆದುಕೊಂಡ ಹೆಂಗಸರಿಗೆ ಹೊಂದುವ ಒಳಉಡುಪು ಹೊಲಿಯುವವಳು ಅವಳು. ಬಾಗಿಲು ಹಾಕಿ, ಪರದೆ ಎಳೆದು, ಅಳತೆಗೆಂದು ತೆಗೆದ ಫೋಟೋಗಳು ಅವು. ಅವಳ ಅಂಗಡಿಯಿದ್ದ ಸಾಲಿನ ಮಳಿಗೆಗಳಿಗೆಲ್ಲ ಒಂದೇ ಕಂಪನಿಯ ಕ್ಲೌಡನ್ನು ಅಗ್ಗಕ್ಕೆ ಕೊಡಿಸಿದವನು ಅವಳ ತಮ್ಮ.

ಒಂದು ಬೆಳಿಗ್ಗೆ ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಬಂದು ನೆಲ ನೋಡುತ್ತಾ ನಿಂತರು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಕ್ಲೌಡಲ್ಲಿ ನನ್ನ ಮಳಿಗೆ ನಂಬರು ಹದಿನಾರು ಒತ್ತೋ ಬದಲು ಹದಿನೇಳು ಒತ್ಬಿಟ್ಟೆ. ನಿಮ್ಮ ಗಿರಾಕಿಗಳ ಫೋಟೋ ಬಂದ್ವು. ತಕ್ಷಣ ಮುಚ್ಚಿದೆ."

ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ತಮ್ಮನಿಗೆ ಫೋನ್ ಮಾಡಿ "ಇದ್ದಲ್ಲಿಂದ ಎದ್ದು ಬಾ" ಎಂದಳು. ಅಳತೆಗೆ ಬಂದಿದ್ದ ಗಿರಾಕಿಯೊಬ್ಬಳು ಪರದೆ ಸರಿಸಿ ಹೊರಬಂದಳು. ಆಕೆ ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುವವಳು. ಆಕೆಯ ಫೋಟೋನೂ ಅಲ್ಲೇ ಇತ್ತು.

ತಮ್ಮ ಬಂದವನೇ ಕೈ ಕೊಡವಿದ. "ಅಯ್ಯೋ, ಇಷ್ಟಕ್ಕೆ ಇಷ್ಟೊಂದು ರಂಪಾನಾ? ಕ್ಲೌಡ್ ಅಂದ್ಮೇಲೆ ಎಲ್ಲರದೂ ಒಂದೇ ಕಡೆ ಇರತ್ತೆ."

"ಒಂದೇ ಕಡೆ ಇರೋದು ತಪ್ಪಲ್ಲ ಕಣಪ್ಪ," ಗಿರಾಕಿ ಸಿಟ್ಟಿನಿಂದ ಅಂದಳು. "ಒಂದೇ ಕಟ್ಟಡದಲ್ಲಿ ನೂರು ಜನ ಬಾಡಿಗೆಗಿರ್ತಾರೆ. ನಡುವೆ ಗೋಡೆ ಬೇಡ್ವಾ? ಬೇರೆ ಬೇರೆ ಬೀಗ ಬೇಡ್ವಾ? ನಿಮ್ಮ ಕಂಪನಿಯವರು ಬಾಗಿಲಿಗೆ ನಂಬರ್ ಬರೆದಿದಾರೆ, ಬೀಗಾನೇ ಹಾಕಿಲ್ಲ! ಇವರು ಒಳ್ಳೆಯವರು, ಬಂದು ಹೇಳಿದ್ರು. ಕೆಟ್ಟವನೂ ಅಲ್ಲೇ ಬಾಡಿಗೆಗಿರಬಹುದು. ಪಕ್ಕದವರ ಕಂಪ್ಯೂಟರಿಗೆ ಕಳ್ಳ ನುಗ್ಗಿದ್ರೆ ನಿಮ್ಮಲ್ಲಿಗೂ ಬರ್ತಾನೆ."

"ಯಾರೋ ಹೆಂಗಸರ ಫೋಟೋ ಯಾರಿಗೆ ಬೇಕು ಮೇಡಂ?"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಯಾರೋ ಹೆಂಗಸರಾ? ಈ ಕೆಲಸ ಯಾರಿಗೋಸ್ಕರ ಶುರು ಮಾಡ್ದೆ, ಮರ್ತ್ಯಾ? ಮೊದಲನೇ ಫೋಟೋ ಅಮ್ಮಂದು ಕಣೋ!"

ತಮ್ಮ ತಕ್ಷಣ ಕಂಪನಿಗೆ ಫೋನ್ ಹಚ್ಚಿದ. ಅವನು ಕೂಗಾಡಿದ್ದು ಬೀದಿಗೆಲ್ಲ ಕೇಳಿತು. ಮಧ್ಯಾಹ್ನದೊಳಗೆ ಫೋಟೋಗಳನ್ನು ಅಲ್ಲಿಂದ ತೆಗೆಸಿದ. ಅಕ್ಕ ಒಬ್ಬೊಬ್ಬ ಗಿರಾಕಿಗೂ ತಾನೇ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಕೆಲವರು ಬೈದರು, ಒಬ್ಬಳು ಅತ್ತಳು. ಅಮ್ಮನಿಗೆ ಹೇಳುವ ಕೆಲಸವನ್ನು ಮಾತ್ರ ತಮ್ಮನಿಗೇ ಬಿಟ್ಟಳು.

ಅಣ್ಣಂದಿರೇ, ಅಕ್ಕಂದಿರೇ, ಕ್ಲೌಡ್ ಮಾರುವವನು ನಗುನಗುತ್ತಾ ಬಂದರೆ ಕೂರಿಸಿ ಕೇಳಿ: ನನ್ನದಕ್ಕೂ ಪಕ್ಕದವರದಕ್ಕೂ ನಡುವೆ ಏನು ತಡೆ ಇದೆ? ನನ್ನ ಫೈಲಿಗೆ ನನ್ನದೇ ಬೀಗ ಹಾಕಬಹುದಾ? ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಓಟಿಪಿಯನ್ನೂ ಕೇಳುತ್ತದಾ? ನೇರವಾಗಿ ಉತ್ತರಿಸದಿದ್ದರೆ ಬಾಗಿಲು ತೋರಿಸಿ. ನೀವು ಅಲ್ಲಿಡುವುದು ನಿಮ್ಮದಷ್ಟೇ ಅಲ್ಲ, ನಿಮ್ಮನ್ನು ನಂಬಿ ಪರದೆಯ ಹಿಂದೆ ನಿಂತವರದ್ದೂ ಹೌದು.