ಒಪ್ಪಿಗೆಯಲ್ಲದ ಮೌನ

ಫೋನಿನಲ್ಲಿ ಗ್ರಾಹಕರ ದೂರು ಕೇಳುವುದು ಅವಳ ಕೆಲಸ. ವಾರವಿಡೀ ಕಿವಿಯಲ್ಲಿ ಕಂಡವರ ಬೈಗುಳ. ಮನೆಗೆ ಬಂದರೆ ಅಣ್ಣನ ಬುದ್ಧಿಮಾತು. ಗಂಡನನ್ನು ಬಿಟ್ಟುಬಂದು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. “ಹೊಂದ್ಕೊಂಡು ಹೋಗು” ಎನ್ನುವನು ಅಣ್ಣ. ಅವಳು ಸುಮ್ಮನಿದ್ದರೆ, ಒಪ್ಪಿದಳು ಎಂದುಕೊಳ್ಳುವನು.

ಆಫೀಸಿನ ಹಿಂದಿನ ಬೀದಿಯಲ್ಲಿ ಕ್ವೇಕರರ ಸಭೆ ಸೇರುತ್ತಿತ್ತು. ಅದೆಂಥ ಕ್ರೈಸ್ತರೋ! ಪಾದ್ರಿಯಿಲ್ಲ, ಹಾಡಿಲ್ಲ. ಎದುರುಬದುರು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಒತ್ತಿಕೊಂಡು ಬಂದರೆ ಎದ್ದು ಆಡುತ್ತಾರೆ, ಮತ್ತೆ ಕೂರುತ್ತಾರೆ. ಕುತೂಹಲಕ್ಕೆ ಹೋದ ಮೊದಲ ಭಾನುವಾರ ಅವಳಿಗೆ ನಿದ್ದೆಯೇ ಬಂತು. ಮುಂದಿನ ವಾರ ಅಲ್ಲೇ ಕೂತಿದ್ದಾಗ, ಗಂಡ ಬಾಗಿಲು ಒದ್ದ ಸದ್ದು ನೆನಪಾಗಿ ತಟ್ಟನೆ ಬಾಗಿಲತ್ತ ತಿರುಗಿ ನೋಡಿದಳು. ಪಕ್ಕದಲ್ಲಿದ್ದ ನಿವೃತ್ತ ನರ್ಸಮ್ಮ ನೋಡಿದರು, ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಹಿಡಿಸಿ, ಅವಳು ಹೋಗುತ್ತಲೇ ಇದ್ದಳು.

ಒಂದು ಭಾನುವಾರ ಬಾಗಿಲು ತಳ್ಳಿಕೊಂಡು ಅಣ್ಣನೇ ನುಗ್ಗಿದ.

“ಏಳು! ನಿನ್ನ ಗಂಡ ಕಾರಲ್ಲಿ ಕಾಯ್ತಿದ್ದಾರೆ.”

ಆಮೇಲೆ ಕೂತವರತ್ತ ತಿರುಗಿದ. “ಇಲ್ಲಿ ದೊಡ್ಡವರು ಯಾರ್ರೀ? ನನ್ನ ತಂಗಿ ತಲೆ ಕೆಡಿಸಿದ್ದು ಯಾರು?”

“ದೊಡ್ಡವರು ಅಂತ ಯಾರೂ ಇಲ್ಲಪ್ಪ. ಕೂತ್ಕೋ ಬಾ” ಎಂದರು ನರ್ಸಮ್ಮ.

ಜಗಳಕ್ಕೆ ಸೊಂಟ ಕಟ್ಟಿ ಬಂದವನಿಗೆ ಎದುರಾಳಿಯೇ ಸಿಗಲಿಲ್ಲ. ತಂಗಿಯ ರಟ್ಟೆಗೆ ಕೈಹಾಕಿದ. ಅವಳು ಕೊಡವಿಕೊಂಡು ಎದ್ದಳು. ಆ ಕೋಣೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು.

“ಅಣ್ಣ, ನಾನು ಸುಮ್ನಿದ್ದಾಗೆಲ್ಲ ನೀನು ಹೂಂ ಅಂದ್ಕೊಂಡೆ. ಅದು ಹೂಂ ಅಲ್ಲ. ಆ ಮನೆಗೆ ನಾನು ಹೋಗಲ್ಲ. ಅವರನ್ನ ವಾಪಸ್ ಕಳಿಸು.”

ಹೇಳಿ ಕೂತಳು. ಯಾರೂ ಭೇಷ್ ಎನ್ನಲಿಲ್ಲ, ಸಮಾಧಾನ ಹೇಳಲಿಲ್ಲ. ಅವಳ ಮಾತು ಆಡಿದಂತೆಯೇ ಕೋಣೆಯ ನಡುವೆ ಉಳಿಯಿತು. ಅಣ್ಣ ಒಂದಿಷ್ಟು ಹೊತ್ತು ಕೂಗಾಡಿದ. ತನ್ನ ದನಿ ತನಗೇ ಕೇಳಿಸತೊಡಗಿದಾಗ ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ. ಕಾರು ಹೊರಟ ಸದ್ದಾಯಿತು.

ಸಭೆ ಮುಗಿದ ಮೇಲೆ ನರ್ಸಮ್ಮ ಕೇಳಿದರು: “ನಮ್ಮ ಸಂಘಕ್ಕೆ ಸೇರ್ತೀಯಾ?”

“ಇಲ್ಲಮ್ಮ. ನಿಮ್ಮ ದೇವರು ನಂಗೆ ಗೊತ್ತಿಲ್ಲ. ಗೊತ್ತು ಅಂತ ಸುಳ್ಳು ಹೇಳಲ್ಲ. ಆದ್ರೆ ಬರೋದು ಬಿಡಲ್ಲ.”

“ಬಿಡು ಅಂದೋರ್ಯಾರು?” ಎಂದು ಅವರು ನಕ್ಕರು.

ಅದೇ ವಾರ ಅವಳು ಬೇರೆ ಬಾಡಿಗೆ ಕೋಣೆ ಹಿಡಿದಳು. ಅಣ್ಣ ಮಾತು ಬಿಟ್ಟಿದ್ದ. ಹಾಸಿಗೆ ಹೊತ್ತು ತಂದದ್ದು ಅತ್ತಿಗೆ.

“ಸುಮ್ನೆ ಕೂರೋಕೆ ಅಲ್ಲೀತನಕ ಹೋಗ್ಬೇಕೇನೇ? ಏನು ಸಿಗುತ್ತೆ?”

“ನಾನು ಸುಮ್ನಿದ್ರೆ ಅಲ್ಲಿ ಯಾರೂ ನನ್ನ ಬದಲು ಮಾತಾಡಲ್ಲ, ಅತ್ತಿಗೆ.”

ಅತ್ತಿಗೆ ಹಾಸಿಗೆ ಕೆಳಗಿಟ್ಟು ಸೆರಗಿನಿಂದ ಬೆವರು ಒರೆಸಿಕೊಂಡರು. “ಭಾನುವಾರ ನಾನೂ ಬರ್ತೀನಿ. ನಿಮ್ಮಣ್ಣ ಒಂದಿನ ಅಡುಗೆ ಮಾಡ್ಕೊಳ್ಳಲಿ.”