ಧುಪದಾಳದ ದೋಣಿಯ ಹಗ್ಗ

ಧುಪದಾಳದ ಒಡ್ಡಿನ ಹಿನ್ನೀರಿನಲ್ಲಿ ಆಗ ಕಾಲುವೆ ಸಾಹೇಬರದೊಂದು ಹಾಯಿದೋಣಿ ಇತ್ತು. ಅದನ್ನು ನೋಡಿಕೊಳ್ಳುವ ಕೆಲಸ ಉದ್ದಪ್ಪನದು. ಹರೆಯದಲ್ಲಿ ಮನೆಬಿಟ್ಟು ಹೋಗಿ, ವೆಂಗುರ್ಲೆ ಬಂದರಿನ ಹಡಗುಗಳಲ್ಲಿ ಖಲಾಸಿಯಾಗಿ ದುಡಿದು ಬಂದವನು. ಒಂದು ಬೇಸಿಗೆ ಈ ದೋಣಿಯ ಹಾಯಿ ಏರಿಸುವಾಗ ಗಾಳಿ ಒಮ್ಮೆಲೇ ತಿರುಗಿ, ಓಡುವ ಹಗ್ಗದ ಜೊತೆ ಅವನ ಬಲಗೈ ರಾಟೆಗೆ ಸಿಕ್ಕಿತು. ಗೋಕಾಕದ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಉಳಿದವು ಮಡಚದಾದವು.

ದೋಣಿ ನಡೆಸಲು ಹೇಗೋ ಆಗುತ್ತಿತ್ತು, ಹಗ್ಗ ಬೆಸೆಯಲು ಆಗುತ್ತಿರಲಿಲ್ಲ. ಹಾಯಿಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗ, ಹಾಯಿ ಎಳೆಯುವ ಹಗ್ಗ, ದಂಡೆಗೆ ಕಟ್ಟುವ ಹಗ್ಗ, ಎಲ್ಲವೂ ಬಿಸಿಲಿಗೆ ನೀರಿಗೆ ಸವೆಯುತ್ತಿದ್ದವು. ಗಂಟು ಹಾಕಿದರೆ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ; ಎಳೆ ಬಿಚ್ಚಿ ಒಂದರೊಳಗೊಂದು ಹೆಣೆದೇ ಕೂಡಿಸಬೇಕು. ಅದಕ್ಕೆ ಎರಡು ಕೈ ಬೇಕು. ಉದ್ದಪ್ಪ ಹೆಂಡತಿ ಕೆಂಪವ್ವನನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡ.

ಅಲ್ಲಿಯವರೆಗೆ ಅವರಿಬ್ಬರ ನಡುವೆ ಮಾತು ಕಡಿಮೆ. ಅವನು ಸಮುದ್ರದ ಮೇಲಿದ್ದಾಗ ಅವಳು ಕೂಲಿಗೆ ಹೋಗಿ ಬದುಕಿದವಳು. ಈಗ ಒಂದೇ ಹಗ್ಗದ ಎರಡು ತುದಿ ಹಿಡಿದು ಕೂತರು. ಕೋಡಿನ ದಬ್ಬಣದಿಂದ ಹುರಿ ಅಗಲಿಸಿ, ಒಂದೆಳೆ ಬಿಟ್ಟು ಒಂದೆಳೆಯ ಕೆಳಗೆ ತೂರಿಸಬೇಕು. ಸಡಿಲಾದರೆ ಅವನು ಪೂರ್ತಿ ಬಿಚ್ಚಿಸಿ ಮತ್ತೆ ಮಾಡಿಸುತ್ತಿದ್ದ. ಇದು ದನ ಕಟ್ಟುವ ಹಗ್ಗವಲ್ಲ ಎಂದು ಗೊಣಗುತ್ತಿದ್ದ. ಅವಳ ಅಂಗೈಗಳು ಸುಲಿದವು. ಹಗ್ಗಕ್ಕೆ ಬಳಿದ ಡಾಂಬರಿನ ವಾಸನೆ ರೊಟ್ಟಿಗೂ ಹತ್ತಿತು.

ಮಳೆಗಾಲದ ಹೊತ್ತಿಗೆ ಅವಳಿಗೆ ಕೈ ಕುದುರಿತ್ತು. ಆದರೂ ಅವಳು ಮಾಡಿದ್ದನ್ನೆಲ್ಲ ಉದ್ದಪ್ಪ ಗಿಡಕ್ಕೆ ಬಿಗಿದು, ಮೈಭಾರ ಹಾಕಿ ಜಗ್ಗಿ ನೋಡುತ್ತಿದ್ದ. ಹೆಣಿಗೆ ತಡೆದರೆ ಹಗ್ಗ ಬಿಚ್ಚಿಕೊಂಡು ಹೋಗುತ್ತಿದ್ದ. ಚಲೋ ಆಗಿದೆ ಎಂದು ಒಂದು ದಿನವೂ ಅನ್ನಲಿಲ್ಲ. ಆ ಒಂದು ಮಾತಿಗೆ ಅವಳು ಕಾಯುತ್ತಿದ್ದಳು, ಕೇಳಲು ನಾಚಿಕೆ.

ಆಷಾಢದಲ್ಲಿ ಘಟಪ್ರಭೆ ಕೆಂಪಗಾಗಿ ಏರಿತು. ಮಧ್ಯಾಹ್ನ ಉಣ್ಣುತ್ತಿದ್ದ ಉದ್ದಪ್ಪ ಅರ್ಧಕ್ಕೇ ಕೈ ತೊಳೆದುಕೊಂಡ.

“ದೋಣಿ ನೋಡಿ ಬರ್ತೀನಿ.”

“ಹಗ್ಗ ಗಟ್ಟಿ ಐತ್ರಿ. ನಿನ್ನೆ ನಾನ ನೋಡೇನಿ,” ಎಂದಳು ಕೆಂಪವ್ವ.

ಅವನು ಗೋಣಿತಟ್ಟು ತಲೆಗೆ ಹಾಕಿಕೊಂಡು ನಡೆದ. ದಂಡೆ ಕುಸಿದು ಅವನನ್ನು ಹೊಳೆ ಎಳೆದುಕೊಂಡಿತು. ನೀರು ಇಳಿದ ಮೇಲೆ, ಬಹಳ ಕೆಳಗೆ, ಜಾಲಿಕಂಟಿಯಲ್ಲಿ ಹೆಣ ಸಿಕ್ಕಿತು.

ದೋಣಿ ಮಾತ್ರ ಇದ್ದಲ್ಲೇ ಇತ್ತು. ಮಣ್ಣು ಮಾಡಿ ಬಂದ ಮೇಲೆ ಕೆಂಪವ್ವ ಹೋಗಿ ಹಗ್ಗ ಮುಟ್ಟಿ ನೋಡಿದಳು. ಅವಳ ಹೆಣಿಗೆ ನೀರುಂಡು ಇನ್ನೂ ಬಿಗಿದಿತ್ತು, ಒಂದು ಎಳೆ ಜಾರಿರಲಿಲ್ಲ. ಅದು ಬಿಚ್ಚಿ ಹೋಗಿದ್ದರೆ ಅವನು ಬಂದದ್ದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು ಎನಿಸಿ, ಅವಳು ಅಲ್ಲೇ ಕುಸಿದು ಕೂತಳು. ತನ್ನ ಕೈಕೆಲಸ ನಂಬದೆಯೇ ಬಂದನೇನೋ ಎಂಬುದು ಅವಳನ್ನು ತಿನ್ನತೊಡಗಿತು.

ಉದ್ದಪ್ಪನನ್ನು ಕಡೆಗೆ ಕಂಡವನು ಒಡ್ಡಿನ ಬಾಗಿಲು ಕಾಯುವ ಲಕ್ಕಪ್ಪ. ದಿನಕರ್ಮ ಮುಗಿದ ಮೇಲೆ ಅವಳು ಅವನ ಹತ್ತಿರ ಹೋದಳು.

“ಅಣ್ಣಾ, ನಿನ್ನ ಮುಂದ ಏನರ ಅಂದ್ರೇನು?”

“ದೋಣಿ ಕಟ್ಟಿದ ಗೂಟ ಅಲಗ್ಯಾಡಾಕತ್ತೈತಿ, ಇನ್ನೊಂದು ಬಡೀತೀನಿ ಅಂದ.”

“ಹಗ್ಗದ ಮಾತು?”

ಲಕ್ಕಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. “ನಮ್ಮಾಕಿ ಹೆಣದದ್ದು ಬಿಡೂದಿಲ್ಲ ಅಂದ, ಯವ್ವಾ.”

ಹೇಳುವಾಗ ಅವನು ಅವಳ ಮುಖ ನೋಡದೆ ನೀರಿನ ಕಡೆ ನೋಡುತ್ತಿದ್ದ. ಲಕ್ಕಪ್ಪ ಮೆತ್ತನ್ನ ಮನಸ್ಸಿನವನು. ಅತ್ತವರ ಮುಂದೆ ಒರಟು ಮಾತಾಡಿದವನಲ್ಲ. ಖರೆಯೋ ಎಂದು ಕೇಳಬೇಕೆಂದು ಅವಳ ಬಾಯಿಗೆ ಬಂತು. ಕೇಳಲಿಲ್ಲ.

ಸಾಹೇಬರು ದೋಣಿಯ ಹಗ್ಗದ ಕೆಲಸವನ್ನು ಅವಳಿಗೇ ಬಿಟ್ಟರು. ಚಳಿಗಾಲವೆಲ್ಲ ಹಗ್ಗ ಬೆಸೆದಳು, ತುದಿಗೆ ನೂಲು ಸುತ್ತಿದಳು, ತಾನೇ ಗಿಡಕ್ಕೆ ಬಿಗಿದು ಜಗ್ಗಿದಳು. ಮರುವರ್ಷ ಬಂದ ಹೊಸ ಸಾಹೇಬರಿಗೆ ದೋಣಿಯ ಹುಚ್ಚಿರಲಿಲ್ಲ. ಕಂಬ ಇಳಿಸಿ ಅದನ್ನು ಮಾರಿಬಿಟ್ಟರು.

ಕೆಂಪವ್ವ ಕೌಜಲಗಿಯ ತಂಗಿಯ ಮನೆಗೆ ಹೊರಟಳು. ಗಾಡಿ ಒಡ್ಡು ದಾಟಿದ ಮೇಲೆ, ಲಕ್ಕಪ್ಪನನ್ನು ಕೇಳದೇ ಉಳಿದ ಮಾತು ನೆನಪಾಗಿ ಅವಳಿಗೆ ಅಳು ತಡೆಯಲಾಗಲಿಲ್ಲ. ಊರು ಬಿಡುವ ದುಃಖವೆಂದು ಗಾಡಿ ಹೊಡೆಯುವವನು ಸಮಾಧಾನ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದಳು.