ಹದಿನಾಲ್ಕು ವಾರದ ಅಳತೆ

ಕಾಂಕ್ರೀಟು ಒಮ್ಮೆ ಗಟ್ಟಿಯಾದರೆ ಮತ್ತೆ ಕದಲುವುದಿಲ್ಲ ಎಂದೇ ಎಲ್ಲರ ನಂಬಿಕೆ. ಪ್ರಯೋಗಾಲಯದ ಸಹಾಯಕಿ ಮಾತ್ರ ಅದು ಕದಲುವುದನ್ನೇ ಏಳು ವರ್ಷದಿಂದ ಬರೆದಿಡುತ್ತ ಬಂದಿದ್ದಳು. ಕಾಲೇಜಿನ ನೆಲಮಾಳಿಗೆಯಲ್ಲಿ, ಉಕ್ಕಿನ ಚೌಕಟ್ಟುಗಳೊಳಗೆ, ದಪ್ಪ ಸ್ಪ್ರಿಂಗುಗಳ ಒತ್ತಡಕ್ಕೆ ಸಿಕ್ಕಿ ಮೊಣಕಾಲೆತ್ತರದ ಹನ್ನೆರಡು ದುಂಡು ಕಂಬಗಳು ನಿಂತಿದ್ದವು. ಗುದ್ದಿ ಕೂರಿಸುವ ಗೊಡವೆಯಿಲ್ಲದೆ ತಾನೇ ಹರಿದು ಅಚ್ಚಿನ ಮೂಲೆಮೂಲೆ ತುಂಬುವ ಕಾಂಕ್ರೀಟು ಅದು. ವರ್ಷಾನುಗಟ್ಟಲೆ ಹೊರೆ ಹೊತ್ತರೆ ಎಷ್ಟು ಕುಗ್ಗುತ್ತದೆ ಎಂದು ತಿಳಿಯಬೇಕಿತ್ತು. ಪ್ರತಿ ಸೋಮವಾರ ಹತ್ತು ಗಂಟೆಗೆ ಅವಳು ಮಾಪಕ ಹಿಡಿದು, ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನು ಓದಿಕೊಳ್ಳುತ್ತಿದ್ದಳು.

ಮೂರನೆಯ ವರ್ಷ ಅವಳ ಬೆನ್ನು ಕೈಕೊಟ್ಟಿತು. ಶಸ್ತ್ರಚಿಕಿತ್ಸೆ, ಆಮೇಲೆ ಮೂರು ತಿಂಗಳು ಹಾಸಿಗೆ. ಬೇರೆ ಜನವಿಲ್ಲ, ಅಳತೆ ನಿಂತರೆ ನಿಲ್ಲಲಿ ಎಂದುಬಿಟ್ಟರು ವಿಭಾಗದ ಮುಖ್ಯಸ್ಥರು. ಅವಳಿಗೆ ಅಳುವೇ ಬಂತು.

"ಟೇಪು ಹಿಡಿಯೋದೇ ನನ್ನ ಕಸುಬು. ನಾನು ಹೋಗ್ತೀನಿ ಬಿಡು," ಎಂದ ಅವಳ ಗಂಡ. ಅವನು ದರ್ಜಿ.

"ಇದು ಸೊಂಟದ ಅಳತೆ ಅಲ್ಲ."

"ಸೊಂಟವೇ ಕಷ್ಟ. ಜನ ಉಸಿರು ಒಳಗೆಳ್ಕೊಂಡು ನಿಲ್ತಾರೆ. ಕಂಬ ಹಾಗೆ ಮೋಸ ಮಾಡಲ್ವಲ್ಲ."

ಮುಖ್ಯಸ್ಥರು ಒಪ್ಪಿದರು. ಆಸ್ಪತ್ರೆ ಸೇರುವ ಮುಂಚೆ ಎರಡು ದಿನ ಕೂತು ಅವಳು ಅವನಿಗೆ ಕಲಿಸಿದಳು.

ಆರನೆಯ ಸೋಮವಾರ ಅವನ ಫೋನು ಬಂತು. "ಏಳನೇ ಕಂಬ ಕುಗ್ಗೋದು ಬಿಟ್ಟು ಚೂರು ಉದ್ದ ಆಗಿದೆ. ಮೂರು ಸಲ ನೋಡ್ದೆ."

"ಹಾಗಾದ್ರೆ ಹೊರೆ ಇಳಿದಿದೆ. ನಟ್ಟು ಸಡಿಲ ಆಗಿರ್ಬೇಕು. ವರ್ಕ್‌ಶಾಪಿನ ಮೆಕ್ಯಾನಿಕ್‌ನ ಕರೀರಿ, ಈಗಲೇ."

ಮಧ್ಯಾಹ್ನದೊಳಗೆ ಹೊರೆ ಮತ್ತೆ ಸರಿಹೋಯಿತು. ಎಷ್ಟು ಹೊತ್ತಿಗೆ ಬಿಗಿದರು, ಒಳಗಿನ ತಂಪು ಕೆಡದಂತೆ ಸದಾ ಮುಚ್ಚಿಡುವ ಬಾಗಿಲು ಎಷ್ಟು ನಿಮಿಷ ತೆರೆದಿತ್ತು ಎಂಬುದನ್ನೂ ಅವನು ಬಿಡದೆ ಬರೆದಿಟ್ಟ. ಹದಿನಾಲ್ಕು ವಾರ ಒಂದು ಸೋಮವಾರವೂ ತಪ್ಪಲಿಲ್ಲ.

ಏಳನೆಯ ವರ್ಷ ಸೇತುವೆ ಕಟ್ಟುವ ಎಂಜಿನಿಯರಮ್ಮ ಹುಡುಕಿಕೊಂಡು ಬಂದರು. ಅವರ ಸೇತುವೆಗೂ ಇದೇ ಮಿಶ್ರಣ. ಸೂತ್ರ ಹೇಳಿದ್ದಕ್ಕಿಂತ ಕಂಬಗಳು ಐದನೇ ಒಂದು ಪಾಲು ಹೆಚ್ಚೇ ಕುಗ್ಗಿದ್ದವು, ಇನ್ನೂ ಕುಗ್ಗುತ್ತಿದ್ದವು. ಮುಂದೆ ಸೇತುವೆ ಜೋತುಬೀಳದಿರಲಿ ಎಂದು ಅವರು ತೊಲೆಗಳ ನಡುವೆ ಮೊದಲೇ ಕೊಡುವ ಮೇಲುಬ್ಬನ್ನು ನಾಲ್ಕು ಬೆರಳು ಏರಿಸಿದರು.

"ಎಲ್ಲೂ ತುಂಡಾಗದ ಲೆಕ್ಕ ಸಿಗೋದೇ ಅಪರೂಪ. ಈ ಪುಟಗಳ ಕೈಬರಹ ಮಾತ್ರ ಬೇರೆ ಇದೆಯಲ್ಲ, ಯಾರದ್ದು?" ಎಂದರು ಅವರು, ಅಳತೆಯ ಪುಸ್ತಕ ತಿರುವುತ್ತ.

"ನಮ್ಮನೆಯವರದು. ಬಟ್ಟೆ ಹೊಲೀತಾರೆ."

ಎಂಜಿನಿಯರಮ್ಮ ನಗಲಿಲ್ಲ. ಅಂಗಡಿ ಎಲ್ಲಿದೆ ಎಂದು ಕೇಳಿ, ಅಂದೇ ಅವಳ ಜೊತೆ ಹೋಗಿ ಅವನ ಕೈಕುಲುಕಿದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದವನು ತಲೆಯಾಡಿಸಿದನಷ್ಟೇ.

ಅವರು ಹೋದ ಮೇಲೆ ಅವಳಿಗೆ ಏನೋ ಚುಚ್ಚಿದಂತಾಯಿತು. "ಹೊರಗಿನವರು ಬಂದು ಮೆಚ್ಚಿ ಹೋದ್ರು. ನಾನು ನಾಲ್ಕು ವರ್ಷದಲ್ಲಿ ಒಂದು ಮಾತೂ ಹೇಳಿಲ್ಲ ನಿಮಗೆ. ನೀವಿಲ್ಲದಿದ್ರೆ ನನ್ನ ಕೆಲಸ ನೀರುಪಾಲಾಗ್ತಿತ್ತು."

ಅವನು ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. "ನಿನಗೆ ಬೆನ್ನು ನೋವಿತ್ತು," ಎಂದ. ಆಮೇಲೆ ಸ್ಟೂಲು ಅವಳ ಕಡೆ ಸರಿಸಿದ.

ಅವಳು ಕೂತಳು. ಅಂಗಡಿ ಮುಚ್ಚುವವರೆಗೂ ಅವನು ಕತ್ತರಿಸುತ್ತಿದ್ದ ಬಟ್ಟೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡೇ ಇದ್ದಳು.